ರಾಕೆಟ್ಟಿನ ತಂತಿ ಕಟ್ಟುತ್ತಿದ್ದ ಜುಬೈದಾ

ಕೇರಳಕ್ಕೆ ರಾಕೆಟ್ಟು, ವಿಮಾನ, ಕ್ಷಿಪಣಿಗಳ ಉದ್ಯಮ ಬರುತ್ತದೆ, ಸಾವಿರಾರು ಜನರಿಗೆ ಕೆಲಸ ಸಿಗುತ್ತದೆ ಎಂದು ಪೇಪರಿನವರು ಈಗ ಬರೆಯುತ್ತಾರೆ. ಬರುತ್ತದಂತೆ! ಹಾಗಾದರೆ ನಾನೂ ಜುಬೈದಾಳೂ ಇಷ್ಟು ವರ್ಷ ಕಟ್ಟಿದ್ದೇನು, ಮಲ್ಲಿಗೆ ಮಾಲೆಯೇ?

ನಾನು ವಸಂತಿ, ಪುತ್ತೂರಿನವಳು. ಜುಬೈದಾ ಉಪ್ಪಿನಂಗಡಿಯವಳು. ಊರಿನಲ್ಲಿ ಒಂದೇ ಬಸ್ಸಿನ ದಾರಿಯಲ್ಲಿದ್ದರೂ ನಮಗೆ ಪರಿಚಯವಾದದ್ದು ತಿರುವನಂತಪುರದಲ್ಲಿ, ರಾಕೆಟ್ ಹಾರಿಸುವ ತುಂಬಾ ಎಂಬ ಊರಿನ ಹತ್ತಿರ, ಒಬ್ಬ ಗುತ್ತಿಗೆದಾರರ ಶೆಡ್ಡಿನಲ್ಲಿ. ರಾಕೆಟ್ಟಿನೊಳಗೆ ಹೋಗುವ ತಂತಿಗಳನ್ನು ಕಂತೆ ಮಾಡಿ, ಮೇಣದ ದಾರದಿಂದ ಗಂಟು ಹಾಕಿ ಬಿಗಿಯುವುದು ನಮ್ಮ ಕೆಲಸ. ಮಧ್ಯಾಹ್ನ ಊಟಕ್ಕೆ ಹೊರಗೆ ಕುಳಿತರೆ ಮೀನು ಮಾರುವ ಹೆಂಗಸರೊಡನೆ ಅವಳು ಮಲಯಾಳದಲ್ಲಿ ಚೌಕಾಸಿ ಮಾಡಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಿದ್ದಳು. ಟೀವಿಯಲ್ಲಿ ರಾಕೆಟ್ ಏರುವಾಗ ನಾವೆಲ್ಲ ಕಣ್ಣರಳಿಸಿ ನೋಡಿದರೆ ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, "ನನ್ನ ಗಂಟು ಬಿಚ್ಚದ ಹಾಗೆ ನೋಡ್ಕೋ ದೇವರೇ" ಎನ್ನುತ್ತಿದ್ದಳು. ಎಂಥಾ ದಿನಗಳು ಅವು!

ಗುತ್ತಿಗೆದಾರರ ಮಗಳು ಕೃಪಾ ಕೊಚ್ಚಿಯಲ್ಲಿ, ಏಲೂರಿಗೆ ಹೋಗುವ ರಸ್ತೆಯಲ್ಲಿ, ಸ್ವಂತ ಕಂಪನಿ ತೆರೆದಾಗ ನಮ್ಮಿಬ್ಬರನ್ನೂ ಕರೆದುಕೊಂಡಳು. ಅಷ್ಟರಲ್ಲಿ ಜುಬೈದಾಳ ಗಂಡ ತೀರಿಕೊಂಡಿದ್ದರು. ನಾನು ಮೇಲ್ವಿಚಾರಕಿಯಾದೆ. ಅವಳು ದಾರ ಬಿಡಲಿಲ್ಲ. ಹೊಸ ಹುಡುಗಿಯರಿಗೆಲ್ಲ ಅವಳೇ ಗುರು. ಮಲಯಾಳದಲ್ಲಿ "ಜುಬೈದಾತ್ತಾ", ಅಂದರೆ ಜುಬೈದಕ್ಕಾ, ಎಂದು ಅವರು ಹಿಂದೆ ಹಿಂದೆ ಸುತ್ತುತ್ತಿದ್ದರು.

ಹೋದ ವರ್ಷ ದೊಡ್ಡದೊಂದು ಆರ್ಡರ್ ಬಂತು. ಕೊಳ್ಳುವವರು ಹಾಕಿದ ಷರತ್ತು ಒಂದೇ: ಅವರ ಪರೀಕ್ಷಕರು ಬಂದು ಎಲ್ಲರ ಕಣ್ಣು, ಕೈ ಎರಡನ್ನೂ ಹೊಸದಾಗಿ ಪರೀಕ್ಷಿಸುತ್ತಾರೆ. ಫೇಲಾದವರು ಆರು ತಿಂಗಳು ತಂತಿ ಮುಟ್ಟುವಂತಿಲ್ಲ. ಜುಬೈದಾಳ ನಿವೃತ್ತಿಗೆ ಉಳಿದದ್ದು ಅದಕ್ಕಿಂತ ಕಡಿಮೆ. ಸಾಲದ್ದಕ್ಕೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು.

"ಈ ಕುರ್ಚಿ ಹೋದ್ರೆ ಖಾಲಿ ಮನೆಯಲ್ಲಿ ಕೂತು ನಾನು ಎಂತ ಮಾಡುದು ವಸಂತಕ್ಕಾ?" ಎಂದು ದಿನಾ ಕೇಳುತ್ತಿದ್ದಳು.

"ಸುಮ್ನಿರು ಮಾರಾಯ್ತಿ, ನಿನ್ನನ್ನು ಫೇಲ್ ಮಾಡ್ಲಿಕ್ಕೆ ಯಾರಿಗೆ ಸಾಧ್ಯ ಉಂಟು?" ಎಂದು ನಾನು ಗದರುತ್ತಿದ್ದೆ.

ಪರೀಕ್ಷೆ ಮಾಡಲು ಬೆಂಗಳೂರಿನಿಂದ ನಿಹಾರಿಕಾ ಎಂಬ ಹುಡುಗಿ ಬಂದಳು. ಕಣ್ಣಿನ ಪರೀಕ್ಷೆಯಲ್ಲಿ ಜುಬೈದಾ ಪಾಸಾದಳು. ನನಗೆ ಅರ್ಧ ಜೀವ ಬಂತು. ಆಮೇಲೆ ಮಾದರಿ ಕಂತೆ ಕಟ್ಟಿದಳು. ಒಂದೊಂದು ಗಂಟೂ ಅಚ್ಚು ಹಾಕಿದಂತಿತ್ತು. ಕೊನೆಯ ಗಂಟು ಬಿಗಿದವಳು, ಪಕ್ಕದಲ್ಲಿ ಕತ್ತರಿಯಿದ್ದರೂ, ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದುಬಿಟ್ಟಳು.

ಅಯ್ಯೋ! ಮದುವೆಗೆ ಮುಂಚೆ ಉಪ್ಪಿನಂಗಡಿಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದವಳು ಅವಳು. ನೂಲನ್ನು ಹಲ್ಲಿನಲ್ಲೇ ಕಡಿದು ರೂಢಿ. ಹೆದರಿಕೆಯಲ್ಲಿ ಅದೇ ಹಳೇ ಅಭ್ಯಾಸ ಎದ್ದು ಬಂದಿತ್ತು. ತಂತಿಗೆ ಎಂಜಲಿನ ಪಸೆ ತಾಗಿದರೂ ಸಾಕು, ಹಲ್ಲಿನ ಗೀರು ಬಿದ್ದರೂ ಸಾಕು, ಆ ಕಂತೆ ರಾಕೆಟ್ಟಿಗೆ ಏರುವಂತಿಲ್ಲ. ನಿಹಾರಿಕಾ ಆಗ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು, ನೋಡಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಜುಬೈದಾ ಎದ್ದು ಕಂತೆಯನ್ನು ಕೆಟ್ಟ ಮಾಲು ಹಾಕುವ ಕೆಂಪು ಡಬ್ಬಿಗೆ ಹಾಕಿದಳು. ಮಾದರಿ ಕಂತೆ ಆ ಡಬ್ಬಿಗೆ ಬಿತ್ತೆಂದರೆ ಕಟ್ಟಿದವಳು ಫೇಲು.

"ಯಾಕೆ ಅಮ್ಮ? ಚೆನ್ನಾಗೇ ಕಟ್ಟಿದ್ರಲ್ಲಾ!" ಎಂದಳು ನಿಹಾರಿಕಾ.

"ಹಲ್ಲು ತಾಗಿತು ಮೇಡಂ. ಮೇಲೆ ಹೋದ್ಮೇಲೆ ಬಿಚ್ಚಿ ನೋಡ್ಲಿಕ್ಕೆ ಯಾರಿದ್ದಾರೆ?"

ಸಂಜೆ ಬಸ್‌ಸ್ಟಾಪಿನಲ್ಲಿ ಅವಳ ಮೇಲೆ ಹರಿಹಾಯ್ದೆ. "ನಿನಗೆ ತಲೆ ಸರಿ ಉಂಟಾ? ಅವಳು ನೋಡಿರ್ಲೇ ಇಲ್ಲ!"

ಅವಳು "ನಮ್ಮ ಮಕ್ಕಳು ಎಂತ ಆದ್ರು?" ಎಂದು ಕೇಳಿದಳು. ಅವಳ ಕೈಯಲ್ಲಿ ಕಲಿತ ಹುಡುಗಿಯರ ಮಾತು ಅದು.

"ಎಲ್ಲರೂ ಪಾಸ್," ಎಂದೆ.

"ಅಲ್‌ಹಮ್ದುಲಿಲ್ಲಾ," ಎಂದು ನಕ್ಕಳು. ನಗುತ್ತಿದ್ದ ಹಾಗೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಬಿಕ್ಕಿದಳು. ನಮ್ಮ ಬಸ್ಸು ಬಂತು, ನಿಂತಿತು, ಹೋಯಿತು. ನಾವಿಬ್ಬರೂ ಹತ್ತಲಿಲ್ಲ.