ತಮಿಳಿನ ಮಾಡು, ಕನ್ನಡದ ಮಾಡು

ನಾನು ಮೈಲಾಪೂರಿನಲ್ಲೇ ಹುಟ್ಟಿ ಬೆಳೆದವಳು. ಮನೆಯೊಳಗೆ ಮೈಸೂರಿನ ಕನ್ನಡ, ಹೊಸಿಲು ದಾಟಿದರೆ ತಮಿಳು. ವೇಲಚೇರಿಯ ಶಾಲೆಯೊಂದರಲ್ಲಿ ಆರನೇ ತರಗತಿಗೆ ಕ್ಲಾಸ್ ಟೀಚರ್. ಆ ವರ್ಷ ನಮ್ಮ ತರಗತಿಗೆ ಹುಬ್ಬಳ್ಳಿಯಿಂದ ಹುಡುಗಿಯೊಬ್ಬಳು ಬಂದಳು. ಅವಳ ತಂದೆಗೆ ಬ್ಯಾಂಕಿನಲ್ಲಿ ವರ್ಗವಾಗಿತ್ತು.

ಒಂದು ಮಧ್ಯಾಹ್ನ ಅವಳು ನೀರಿನ ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದಳು. ಏನಾಯಿತೆಂದು ಕನ್ನಡದಲ್ಲೇ ಕೇಳಿದೆ.

“ನಾ ಏನ್ ತಪ್ಪ ಅಂದೇನ್ರಿ ಮಿಸ್? ಚಾರ್ಟ್ ಬರಿಯೂ ಮುಂದ ಬಾಜೂ ಹುಡುಗಗ ‘ಜಲ್ದಿ ಮಾಡು’ ಅಂದೆ. ಅವತ್ತಿನಿಂದ ನಾ ಎಲ್ಲಿ ಹೋದ್ರೂ ‘ಅಂಬಾ’ ಅಂತ ಒದರತಾರ.”

ತಮಿಳಿನಲ್ಲಿ ‘ಮಾಡು’ ಎಂದರೆ ದನ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದಾಗ ಅಳುವಿನ ನಡುವೆಯೂ ನಗು ಬಂತು. ಮರುಕ್ಷಣವೇ ಮುಖ ಬಾಡಿತು. “ಮೊದಲನೇ ದಿನ ನಕ್ಕರ ತಪ್ಪಿಲ್ರಿ. ದಿನಾ ಯಾಕ?”

ಬುಲ್ಲಿಯಿಂಗ್ ಕುರಿತು ಒಂದು ಪಾಠ ಮಾಡಿ ಎಂದು ಶಾಲೆಯವರು ಆಗಷ್ಟೇ ಹೇಳಿದ್ದರು. ಇದನ್ನೇ ಮಾತಾಡಲೇ ಎಂದು ಅವಳನ್ನು ಕೇಳಿದೆ. “ಮಾತಾಡ್ರಿ. ಆದ್ರ ನನ್ನ ಎದ್ದು ನಿಲ್ಲಿಸಬ್ಯಾಡ್ರಿ,” ಎಂದಳು.

ಮರುದಿನ ಬೋರ್ಡಿನ ಮೇಲೆ ಆ ಪದವನ್ನೂ ಅದರ ಎರಡು ಅರ್ಥಗಳನ್ನೂ ಬರೆದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ, ದಿನವೂ ಒಬ್ಬಳನ್ನೇ ಹಿಡಿದು ಗೋಳು ಹೊಯ್ದುಕೊಳ್ಳುವುದು ಯಾಕೆ ಎಂದು ಕೇಳಿದೆ.

“ಸುಮ್ಮಾ ವಿಳೆಯಾಟ್ಟುಕ್ಕುದಾನ್, ಮಿಸ್,” ಎಂದ, ಕೂಗಲು ಶುರು ಮಾಡಿದ್ದ ಹುಡುಗ. ಬರೀ ಆಟಕ್ಕಂತೆ.

“ಆಟ ಆದರೆ ಸಾಕು ಅಂದಾಗ ನಿಲ್ಲಬೇಕಲ್ಲ. ನಿಂತಿತಾ?”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, “ಮಿಸ್, ನಾನು ಕೂಗಲಿಲ್ಲ. ನಕ್ಕೆ, ಅಷ್ಟೇ,” ಎಂದಳು.

ಮಿಕ್ಕ ಪಾಠವೆಲ್ಲ ಆ ಮಾತಿನ ಮೇಲೇ ನಡೆಯಿತು. ಕೂಗದವರು ಏನು ಮಾಡಬಹುದು? ನಗದೆ ಇರಬಹುದು. ಅವಳನ್ನು ಆಟಕ್ಕೆ ಕರೆದುಕೊಂಡು ಹೋಗಬಹುದು. ಮಿಸ್‌ಗೆ ಹೇಳಬಹುದು. ಹೇಳಿದರೆ ಚಾಡಿಯಾಗುವುದಿಲ್ಲವೇ ಎಂದು ಒಬ್ಬ ಕೇಳಿದ. “ಒಬ್ಬರನ್ನ ಸಿಕ್ಕಿಸೋಕೆ ಹೇಳಿದ್ರೆ ಚಾಡಿ, ಬಿಡಿಸೋಕೆ ಹೇಳಿದ್ರೆ ಸಹಾಯ,” ಎಂದೆ.

ಒಂದು ಪಾಠದಿಂದ ಎಲ್ಲ ಸರಿಹೋಗಲಿಲ್ಲ. ಮುಂದಿನ ವಾರ ಊಟದ ಹೊತ್ತಿಗೆ ಮತ್ತೆ ಯಾರೋ ‘ಅಂಬಾ’ ಎಂದರು. ನಾನು ಬಾಗಿಲಲ್ಲೇ ಇದ್ದೆ. ಒಳಗೆ ಕಾಲಿಡುವ ಮೊದಲೇ ಹಿಂದಿನ ಬೆಂಚಿನ ಹುಡುಗಿ ತನ್ನ ಟಿಫಿನ್ ಡಬ್ಬಿ ಎತ್ತಿಕೊಂಡು ಎದ್ದಳು. ಹುಬ್ಬಳ್ಳಿಯವಳ ಬಳಿ ಹೋಗಿ, “ಕೊಂಚಂ ನಗರು,” ಅಂದರೆ ಸ್ವಲ್ಪ ಆಚೆ ಸರಿದುಕೋ, ಎಂದು ಪಕ್ಕದಲ್ಲಿ ಕೂತು, ಪುಡಿ ಇಡ್ಲಿಯನ್ನು ಮುಂದೆ ಸರಿಸಿದಳು. ಯಾರೂ ನಗಲಿಲ್ಲ. ನಗದೆ ಹೋದಾಗ ಕೂಗಿಗೂ ದಮ್ಮಿರಲಿಲ್ಲ.

ಶುರು ಮಾಡಿದ್ದ ಹುಡುಗನನ್ನು ಒಬ್ಬನನ್ನೇ ಕರೆದು ಮಾತಾಡಿದೆ. ಅವನು ಹೋಗಿ ಅವಳಿಗೆ ಸಾರಿ ಹೇಳಿದ. ಕ್ರಮೇಣ ಒಂದೇ ಗುಂಪಿನಲ್ಲಿ ಆಡತೊಡಗಿದರು. ಕನ್ನಡದ ಬೈಗುಳವೊಂದನ್ನು ಕಲಿಸು ಎಂದು ಅವನು ಅವಳ ಹಿಂದೆ ಬಿದ್ದಿದ್ದನಂತೆ. ಒಂದು ದಿನ ವರಾಂಡದಲ್ಲಿ ಗೆಳೆಯನ ಮೇಲೆ ಸಿಟ್ಟಾಗಿ, ಬೆರಳು ತೋರಿಸಿ ಗುಡುಗಿದ: “ಊಟ ಆತೇನ್ರಿ!”

ಅಲ್ಲೇ ಹೋಗುತ್ತಿದ್ದ ನಾನು ತಿರುಗಿ ನೋಡಿ, “ಈಗಷ್ಟೇ ಆಯ್ತಪ್ಪ,” ಎಂದೆ. ಕಂಬದ ಹಿಂದೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.