ದರ್ಜಿಯ ಸೊಂಟದ ಪಟ್ಟಿ

ನನ್ನ ತಮ್ಮ ದರ್ಜಿ. ಅವನು ಹಾಕಿದ ಹೊಲಿಗೆಯನ್ನು ಎರಡು ಆನೆಗಳು ಎರಡು ಕಡೆಯಿಂದ ಎಳೆದರೂ ಆನೆಗಳೇ ಸುಸ್ತಾಗುತ್ತಿದ್ದವು. ನಂಬದಿದ್ದರೆ ಆನೆಗಳನ್ನೇ ಕೇಳಿ. ಮೈ ಬಂದರೆ ಪ್ಯಾಂಟು ಬಿಗಿಯಾಗಿ ಎಲ್ಲರಿಗೂ ಗೊತ್ತಾಗುತ್ತದೆ. ಇವನಿಗೆ ಮಾತ್ರ ಗೊತ್ತಾಗಲೇ ಇಲ್ಲ. ಬಿಗಿಯೆನಿಸಿದಾಗಲೆಲ್ಲ ಸೊಂಟದ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟ ಬಟ್ಟೆಯಲ್ಲಿ ಒಂದಿಷ್ಟು ಸಡಿಲ ಬಿಟ್ಟುಕೊಳ್ಳುತ್ತಿದ್ದ. ಮೆಷಿನ್ ಪಕ್ಕದಲ್ಲೇ ಕ್ರೀಮ್ ಬಿಸ್ಕತ್ತು, ಚಿಪ್ಸು, ಸಿಹಿ ಸೋಡಾ. ಏಳಲು ಪುರುಸೊತ್ತಿಲ್ಲದ ದಿನ ಅವೇ ಊಟ.

ಹೋದ ತಿಂಗಳು ಒಂದು ದಿನ ಮೆಷಿನ್ ತುಳಿಯುತ್ತಿದ್ದವನು ತಟಕ್ಕನೆ ನಿಲ್ಲಿಸಿದ.

"ಅಣ್ಣಾ, ಕಾಲಿಗೆ ಪೆಡಲ್ಲೇ ಗೊತ್ತಾಗ್ತಿಲ್ಲ."

"ಚಪ್ಪಲಿ ದಪ್ಪ ಇರಬೇಕು ಬಿಡೋ."

"ಚಪ್ಪಲಿನೇ ಹಾಕಿಲ್ವಲ್ಲಣ್ಣಾ!"

ಆಗಲೇ ಅವನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಸಕ್ಕರೆ ಕಾಯಿಲೆ ಎಂದರು. "ಹೀಗೇ ಬಿಟ್ರೆ ಕಾಲಿಗೇ ಕುತ್ತು. ಮಾತ್ರೆ ತಗೊಳ್ಳಿ, ಆ ಪ್ಯಾಕೆಟ್ ತಿಂಡಿ ಬಿಡಿ, ತೂಕ ಇಳಿಸಿ. ಇಷ್ಟು ಹೊಟ್ಟೆ ಬರೋವರೆಗೂ ಗೊತ್ತಾಗ್ಲಿಲ್ವಾ?"

"ಪ್ಯಾಂಟು ಯಾವತ್ತೂ ಸರಿಯಾಗೇ ಆಗ್ತಿತ್ತಲ್ಲಮ್ಮಾ" ಎಂದ, ಪೆಚ್ಚಾಗಿ.

ಮನೆಗೆ ಬಂದವನೇ ಸೊಂಟದ ಪಟ್ಟಿಯನ್ನು ಮೊದಲಿನ ಗುರುತಿಗೇ ಹಿಡಿದು, ಬಿಚ್ಚಲಾಗದಂತೆ ಹೊಲಿದುಬಿಟ್ಟ. ಈಗ ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು ಗುಂಡಿ ಹಾಕಲು ನೋಡುತ್ತಾನೆ. ಇನ್ನೂ ಎರಡು ಬೆರಳು ದೂರವಿದೆ. ಆಮೇಲೆ ಬರಿಗಾಲನ್ನು ಪೆಡಲಿನ ಮೇಲಿಟ್ಟು ಕಣ್ಣು ಮುಚ್ಚುತ್ತಾನೆ.

"ಪೆಡಲ್ ಕಬ್ಬಿಣ ತಣ್ಣಗೆ ತಾಗ್ತಿದ್ಯೇನೋ?" ಎಂದು ಕೇಳುತ್ತೇನೆ.

"ತಡಿ ಅಣ್ಣಾ, ನೋಡ್ತಿದೀನಿ" ಎನ್ನುತ್ತಾನೆ.

ಅವನು ನೋಡಿ ಹೇಳುವವರೆಗೆ ನನಗೆ ಯಾವ ಆನೆಯ ಕಥೆಯೂ ನೆನಪಾಗುವುದಿಲ್ಲ.