ಅರ್ಧ ಕಪ್ ಚಹಾ, ಒಂದು ಬಟನ್

ಇವತ್ತು ಬೆಳಿಗ್ಗೆ ಎದುರಿನ ಹೋಟೆಲಿನವರು ಅಂಗಡಿಗೆ ಬಂದು ನನ್ನ ಕಪ್ಪಿಗೆ ಅಂಚಿನವರೆಗೆ ಚಹಾ ಸುರಿದರು. ನಾನು ಅರ್ಧವನ್ನು ಅವರ ಕೆಟಲಿಗೇ ವಾಪಸ್ ಹಾಕಿದೆ. ಅವರು ನನ್ನ ಮುಖ ನೋಡಿದರು. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ, ಕೈ ಇನ್ನೂ ಮರೆತಿಲ್ಲ.

ನಮ್ಮ ಮನೆಯ ಪದ್ಧತಿಯನ್ನು ನಿಮಗೆ ಹೇಳಬೇಕು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅಕ್ಕನ ಎರಡೂ ಕೈ ನಡುಗುತ್ತಿದ್ದವು. ತುಂಬಿದ ಕಪ್ಪು ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅವ್ವ ಅವಳೊಬ್ಬಳಿಗೇ ಅರ್ಧ ಕೊಡಲಿಲ್ಲ. ಎಲ್ಲರಿಗೂ ಅರ್ಧ ಕೊಟ್ಟಳು, ಎರಡು ಸಲ. ಮನೂರಿನ ಕಡೆಯ ನೆಂಟರು ಮೊದಲ ಅರ್ಧ ಕುಡಿದು, ನಮ್ಮನ್ನು ಜುಗ್ಗರೆಂದುಕೊಂಡು ಎದ್ದುಬಿಡುತ್ತಿದ್ದರು. ನಾನಂತೂ ಪರರ ಮನೆಯಲ್ಲಿ ತುಂಬಿದ ಕಪ್ಪು ಕುಡಿದ ಮೇಲೂ ಎರಡನೆಯದಕ್ಕೆ ಕಾದು ಕೂತು ನಗೆಗೀಡಾದವನು.

ಪೆನ್ನು ಹಿಡಿಯಲಾಗದೆ ಅಕ್ಕ ಹತ್ತನೆಯ ತರಗತಿಗೇ ಓದು ನಿಲ್ಲಿಸಿದ್ದಳು. ನಾನು ಜಹೀರಾಬಾದಿನಲ್ಲಿ ಈ ನೆಟ್ ಸೆಂಟರ್ ತೆರೆದ ಮೇಲೆ ಕೀಬೋರ್ಡಿನ ಮುಂದೆ ಕೂತು, ಬೆರಳಿನ ಗೆಣ್ಣು ಊರಿ ತನ್ನ ಹೆಸರು ಬರೆದಳು. ಮೌಸ್ ಮಾತ್ರ ಅವಳಿಗೆ ಒಗ್ಗಲಿಲ್ಲ. ಹಿಡಿದರೆ ಬಾಣ ಹೆದರಿದ ಕೋಳಿಮರಿಯಂತೆ ಪರದೆಯ ತುಂಬ ಓಡುತ್ತಿತ್ತು. ಟ್ಯಾಬ್ ಕೀ ಒತ್ತಿದರೆ ಒಂದು ಜಾಗದಿಂದ ಮುಂದಿನ ಜಾಗಕ್ಕೆ ಹೋಗಬಹುದು, ಎಂಟರ್ ಒತ್ತಿದರೆ ಕೆಲಸವಾಗುತ್ತದೆ ಎಂದು ತೋರಿಸಿದೆ. ಅವಳು ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿದಳು.

ಪ್ರತ್ಯೇಕ ರಾಜ್ಯದ ಹೋರಾಟ ಜೋರಾಗಿದ್ದ ವರ್ಷಗಳವು. ಒಂದು ಬಂದ್ ದಿನ ಶಟರ್ ಅರ್ಧ ಇಳಿಸಿ ಒಳಗೆ ಕೂತಿದ್ದೆವು. ತಾಂಡೂರಿಗೆ ಹೋಗಲು ಬಸ್ಸಿಲ್ಲದೆ ಗೆಳೆಯ ಮಹೆಬೂಬನೂ ಅಲ್ಲೇ ಸಿಕ್ಕಿಬಿದ್ದಿದ್ದ. ಹತ್ತನೆಯ ತರಗತಿಯಷ್ಟೇ ಓದಿದವರೂ ಮನೆಯಲ್ಲೇ ಕೂತು ಓದಬಹುದಾದ ಡಿಗ್ರಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಅಕ್ಕ ಎಲ್ಲವನ್ನೂ ತಾನೇ ತುಂಬಿದಳು. ಕೊನೆಗೆ ‘ಸಬ್ಮಿಟ್’ ಬಟನ್. ಟ್ಯಾಬ್ ಅದನ್ನು ಹಾರಿ ಮತ್ತೆ ಪುಟದ ತಲೆಗೆ ಹೋಯಿತು. ಮತ್ತೆ ಬಂದಳು. ಮತ್ತೆ ಹಾರಿತು.

“ಅಕ್ಕಾ, ಅವಂಗ ಒಂದ್ ಕ್ಲಿಕ್ ಮಾಡಾಕ ಬಿಡ್ರಿ. ಬಂದ್ ಮುಗಿಯೋತನ ಕೂಡ್ತೀರೇನು?” ಎಂದ ಮಹೆಬೂಬ.

“ಕೂಡ್ತೀನಿ. ನಿಂಗರ ಎಲ್ಲಿ ಹೋಗೋದದ?”

ಸಂಜೆಯಾದರೂ ಬಟನ್ ಮಣಿಯಲಿಲ್ಲ. ಅಕ್ಕ ಕುರ್ಚಿ ಬಿಟ್ಟೆದ್ದಳು. “ಒತ್ತು ತಮ್ಮಾ. ನನ್ನ ಓದು ಹಾಳ್ ಮಾಡ್ಕೊಳಲ್ಲ. ಆದ್ರ ಇದ್ರ ಬೆನ್ನ್ ಬಿಡಲ್ಲ.”

ಬಿಡಲಿಲ್ಲ. ಸೋಮವಾರ ಬಂದರೆ ಆ ಡಿಗ್ರಿಯ ಕಚೇರಿಗೆ ಫೋನು, ಬಟನ್ ಸರಿ ಮಾಡಿ ಎಂದು. ಆ ಕಡೆಯವರು ತೆಲುಗಿನಲ್ಲಿ, ಇವಳು ಅರ್ಧ ತೆಲುಗು, ಅರ್ಧ ಉರ್ದು. ತಮ್ಮನೇ ಒತ್ತಿದನಲ್ಲ, ಅರ್ಜಿ ಬಂದಿದೆಯಲ್ಲ, ಇನ್ನೇನು ತೊಂದರೆ ಎಂದು ಅವರು ಕೇಳುತ್ತಿದ್ದರು. ಫೋನಿಟ್ಟು ನನ್ನ ಕಡೆ ತಿರುಗಿ ಅನ್ನುವಳು: “ತಮ್ಮ ಇಲ್ಲದಾಕಿ ಏನ್ ಮಾಡ್ಬೇಕಂತ?” ನಾನೂ ಮಹೆಬೂಬನೂ ಸೋಮವಾರಕ್ಕೆ ‘ಅಕ್ಕನ ಬಂದ್’ ಎಂದು ಹೆಸರಿಟ್ಟಿದ್ದೆವು.

ಮರುವರ್ಷದ ಅರ್ಜಿಯ ದಿನ ಟ್ಯಾಬ್ ಒತ್ತುತ್ತಾ ಕೊನೆಗೆ ಬಂದಾಗ ಬಟನ್ ಸುತ್ತ ತೆಳ್ಳಗೆ ನೀಲಿ ಗೆರೆ ಮೂಡಿತು. ಅಕ್ಕ ಗೆಣ್ಣು ಊರಿ ಎಂಟರ್ ಒತ್ತಿದಳು. “ಹೋತು,” ಅಂದಳು. ಅಷ್ಟೇ. ಆಮೇಲೆ ನಮ್ಮಿಬ್ಬರಿಗೂ ಚಹಾ ತರಿಸಿದಳು, ಎರಡೆರಡು ಅರ್ಧ.

ಇವತ್ತು ಹೋಟೆಲಿನವರು ಹೋದ ಸ್ವಲ್ಪ ಹೊತ್ತಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಹಿರಿಯರೊಬ್ಬರು ಪಿಂಚಣಿಯ ಅರ್ಜಿ ಹಾಕಲು ಬಂದರು. “ನೀವೇ ಒತ್ತಿ ಬಿಡ್ರಿ, ನನ್ನಿಂದ ಏನಾಗ್ತದ,” ಅಂದರು. ಮೌಸಿನ ಮೇಲಿದ್ದ ನನ್ನ ಕೈ ನಿಂತಿತು. ಮೌಸನ್ನು ಡ್ರಾಯರಿಗೆ ಹಾಕಿ, ಅಕ್ಷರ ಅಳಿಸಿಹೋದ ಟ್ಯಾಬ್ ಕೀಯ ಮೇಲೆ ಅವರ ಎಡಗೈ ಬೆರಳನ್ನಿಟ್ಟೆ. ಅವರು ನಿಧಾನವಾಗಿ, ಒಂದೊಂದೇ ಜಾಗ ದಾಟಿ, ಕೊನೆಯವರೆಗೆ ಬಂದರು. ಕೊನೆಯ ಬಟನನ್ನು ಟ್ಯಾಬ್ ಹಾರಿಹೋಯಿತು.

ಅವರ ಒಪ್ಪಿಗೆ ಕೇಳಿ, ಮೌಸ್ ಹೊರತೆಗೆದು ಆ ಒಂದನ್ನು ನಾನು ಒತ್ತಿದೆ. ಅವರಿಗೆ ಅರ್ಧ ಕಪ್ ಚಹಾ ಕೊಟ್ಟು ಕೂರಿಸಿಕೊಂಡು, ಪುಟದ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದೆ. ಎತ್ತಿದವರು ಎಲ್ಲ ಕೇಳಿ, ಅರ್ಜಿ ಬಂದಿದೆಯಲ್ಲ, ಇನ್ನೇನು ಎಂದರು.

“ಬಂದದ್ರಿ. ಬಟನ್ ಸರಿ ಆಗಿಲ್ಲ,” ಅಂದೆ. “ಸೋಮವಾರ ಮತ್ತ ಫೋನ್ ಮಾಡ್ತೀನಿ.”